ಒಂದು ಸೇರು ಜೋಳದ ಮಗ

ಕೈ, ಅಂಗೈ ಮೇಲಾಗಿ ಚಾಚಿದ ಒಂದು ಕೈ ಮುಖದ ಮುಂದೆ ಬಂದು ನಿಂತಿದೆ, ಎಲ್ಲಿಗ್ರೀ, ಎಲ್ಲಿಗಂತ ಕೇಳಾಕತ್ತೇನಿ, ಅದು ಕಂಡಕ್ಟರನ ಕೈ, ಬೆರಳ ಸಂದಿಯಲ್ಲಿ ನೋಟು ಸಿಗಿಸಿಕೊಂಡ ಕಂಡಕ್ಟರನದೇ ಕೈ, ಬೇರೆ ಯಾರದೂ ಅಲ್ಲ, ಆದರೂ ಮರಿಲಿಂಗ ಸೀಟಿನಲ್ಲಿ ಹಿಂದಕ್ಕೆ ಸರಿದು ಸುರಪುರ ಎಂದ, ದುಡ್ಡು ಕೊಡುವ ಮುಂಚೆ ಆ ಅಂಗೈಯನ್ನು ಎರಡು ಸಲ ನೋಡಿದ, ಅದರಲ್ಲಿ ಏನೂ ಇರಲಿಲ್ಲ, ಬರೀ ಅಂಗೈ, ಇನ್ನು ಮೇಲೆ ಯಾರ ಕೈಯಲ್ಲಿ ಏನಿಡುವುದಿದ್ದರೂ ಮೊದಲು ಹೀಗೆ ನೋಡಿಯೇ ಇಡಬೇಕು — ಬಂತಪ್ಪ ಬುದ್ಧಿ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಿಟಕಿಯ ಹೊರಗೆ ತಿಂಥಣಿ ಹಿಂದೆ ಸರಿಯುತ್ತಿದೆ, ಕೃಷ್ಣೆಯ ನೀರು ಒಂದು ಸಲ ಮಿಂಚಿ ಮರೆಯಾಯಿತು, ಭತ್ತದ ಸಸಿ ಮಡಿ, ಆಮೇಲೆ ಹತ್ತಿ ಬಿಡಿಸುವ ಹೆಂಗಸರು, ತಲೆಯ ಮೇಲೆ ಟವೆಲು, ಸೊಂಟಕ್ಕೆ ಕಟ್ಟಿದ ಉಡಿ, ಉಡಿ ತುಂಬ ಹತ್ತಿ, ಉಡಿ ಅಂದಕೂಡಲೇ ಕಣ್ಣು ಕಿತ್ತುಕೊಂಡು ತೊಡೆಯ ಮೇಲಿನ ಫೈಲನ್ನು ನೋಡಿದ, ಅದರೊಳಗೆ ಬಾಂಡ್ ಕಾಗದ, ಕಾಗದದ ಕೆಳಗೆ ನೀಲಿ ಹೆಬ್ಬೆಟ್ಟು, ಇನ್ನೂ ಆರಿರಲಿಕ್ಕಿಲ್ಲ. ಕರೆಂಟಿನ ಕೆಲಸದವನು ಅವನು, ಶಹಾಪುರದಲ್ಲಿ ಒಂಬತ್ತು ವರ್ಷ ಗುತ್ತಿಗೆಯ ಲೈನ್‌ಮನ್, ಎರಡು ಸಲ ತಂತಿ ಹಿಡಿದು ಬದುಕಿ ಬಂದವನು, ಜನ ಅಂದುಕೊಳ್ಳುವ ಹಾಗೆ ಕರೆಂಟು ಯಾವಾಗಲೂ ಒದ್ದು ದೂರ ಎಸೆಯುವುದಿಲ್ಲ, ಒಮ್ಮೊಮ್ಮೆ ಹಿಡಿದುಕೊಳ್ಳುತ್ತದೆ, ಬಿಡಬೇಕು ಅಂದರೂ ಬೆರಳು ಬಿಡುವುದಿಲ್ಲ, ಮೇಲೆ ಬಿಸಿಲು ಇದ್ದ ಹಾಗೇ ಇರುತ್ತದೆ, ಕೆಳಗೆ ಯಾರೋ ಚಹಾ ಕುಡಿಯುತ್ತಿರುತ್ತಾರೆ, ನಾವು ಮಾತ್ರ ತಂತಿಗೆ ಅಂಟಿರುತ್ತೇವೆ. ಈಗ ಅವನು ಹಾಗಿದ್ದ.

ಮೂರು ಗಂಟೆ. ನಾಲ್ಕೂವರೆಯ ಒಳಗೆ ಸುರಪುರದ ಕಚೇರಿಗೆ ಹೋಗಿ ಈ ಕಾಗದ ಕೊಟ್ಟರೆ ನಾಡಿದ್ದು ತಿದ್ದಿದ ಜನನ ಪ್ರಮಾಣಪತ್ರ ಕೈಗೆ ಬರುತ್ತದೆ, ಗುರುವಾರ ಬೆಂಗಳೂರಿನಲ್ಲಿ ವೀಸಾದ ಪಾಳಿ, ಪಾಳಿ ತಪ್ಪಿದರೆ ಮುಂದಿನದು ಮೇ ತಿಂಗಳಿಗೆ, ಮೇ ಅಂದರೆ ಹೆಂಡತಿ ಪರಿಮಳಾ ಜರ್ಮನಿಗೆ ಹೋಗಿ ವರ್ಷ ತುಂಬಿತು. ಬ್ರೆಮೆನ್. ಆ ಹೆಸರು ಅವ್ವನ ಬಾಯಲ್ಲಿ ಹೊರಳುವುದಿಲ್ಲ, ಪರಿಮಳನ ಊರು ಅನ್ನುತ್ತಾಳೆ, ಅವಳೇ ಕಟ್ಟಿಸಿದ ಊರೇನೋ ಅನ್ನುವ ಹಾಗೆ, ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಪಾಳಿ ಮುಗಿಸಿ ಬಂದು ಆ ಗಡಸು ಭಾಷೆ ಓದಿ ಓದಿ ಪಾಸಾದಳು, ಎಂಟು ತಿಂಗಳಾಯಿತು ಹೋಗಿ, ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಮುದುಕರ ವಾರ್ಡು, ಜನವರಿಯ ಬೆಳಗು ಎಂಟಾದರೂ ಅಲ್ಲಿ ಕತ್ತಲೆಯಂತೆ, ಟ್ರಾಮಿನಲ್ಲಿ ಕೂತು ವಿಡಿಯೋ ಮಾಡುತ್ತಾಳೆ, ಟೋಪಿ, ಮಫ್ಲರು, ಮೂಗಿನ ತುದಿ ಕೆಂಪು, ನೋಡ್ರಿ ಎರಡು ಕಪ್ ತಂದಿಟ್ಟೀನಿ, ಒಂದು ಹಂಗ ಖಾಲಿ ಕುಂತೈತಿ. ಕೆಲಸ ಬಿಡುತ್ತೇನೆ ಅಂದಾಗ ಕಂಬದ ಕೆಳಗಿನ ಗೆಳೆಯರು ನಕ್ಕರು, ಮಂದಿ ಹೇಂತಿನ ಕರಕೊಂಡ ಹೋಗ್ತಾರ, ನೀ ಹೇಂತಿ ಸೆರಗ ಹಿಡಕೊಂಡ ಹೊಂಟಿ, ನಗಲಿ ಬಿಡು, ಸೆರಗು ಹಿಡಿದರೆ ಏನಾಯಿತು, ಒಳ್ಳೆಯ ಸೆರಗು. ಏಜೆನ್ಸಿಯವರು ಕೇಳಿದ ಕಾಗದಗಳ ಪಟ್ಟಿ ಒಂದು ಗೇಣುದ್ದ, ಲಗ್ನದ ನೋಂದಣಿ, ಭಾಷೆಯ ಮೊದಲ ಪರೀಕ್ಷೆ ಪಾಸಾದದ್ದು, ಪಾಸ್‌ಪೋರ್ಟು, ಮದುವೆಯ ಹತ್ತು ಫೋಟೋ, ಮದುವೆ ನಿಜವಾಗಿಯೂ ಆಗಿದೆ ಅಂತ ಅವರಿಗೆ ಕಾಣಬೇಕಂತೆ, ಒಂಬತ್ತು ಫೋಟೋ ಅವನೇ ಆರಿಸಿದ, ಹತ್ತನೆಯದು ಅವಳು ಹೇಳಿದ್ದು, ಅದನ್ನ ಹಾಕ್ರಿ, ಲಾಡು ಕೊಡೋದು. ಬಿಳಿ ಅಂಗಿ ಬಿಳಿ ಪಂಚೆಯ ಮದುಮಗ ಹಂದರದ ತುದಿಗೆ ಬಂದು ಬಗ್ಗಿ ಯಾರೋ ಮುದುಕಿಯ ಚಾಚಿದ ಕೈಯಲ್ಲಿ ಲಾಡು ಇಡುತ್ತಿರುವುದು, ಫೋಟೋದವನು ಹೇಳದೆ ಕೇಳದೆ ಹೊಡೆದದ್ದು, ಆರು ವರ್ಷದಲ್ಲಿ ಎಷ್ಟು ಸಲ ಅದನ್ನು ಮೊಬೈಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಂಡಿದ್ದಾನೋ, ಬ್ರೆಮೆನ್ನಿನ ಕೋಣೆಯ ಗೋಡೆಗೂ ಅದನ್ನೇ ದೊಡ್ಡದು ಮಾಡಿಸಿ ತೂಗುಹಾಕಿದ್ದಾಳೆ, ನಿಮ್ಮನ್ನ ಯಾಕ ಲಗ್ನ ಆದೆ ಅಂತ ಇಲ್ಲಿ ಯಾರರ ಕೇಳಿದ್ರ ಇದೊಂದ ತೋರಿಸ್ತೀನಿ. ಅದು ಈಗ ಫೈಲಿನಲ್ಲಿ, ಬಾಂಡ್ ಕಾಗದದ ಬೆನ್ನಿಗೆ ಬೆನ್ನು ಕೊಟ್ಟು ಕೂತಿದೆ.

ಪಟ್ಟಿಯಲ್ಲಿ ಉಳಿದದ್ದು ಜನನ ಪ್ರಮಾಣಪತ್ರ ಒಂದೇ. ಹುಟ್ಟಿದ್ದು ಸುರಪುರ, ಎರಡು ವರ್ಷದವನಿದ್ದಾಗ ಅಪ್ಪನಿಗೆ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹಮಾಲಿ ಸಿಕ್ಕಿ ಎಲ್ಲರೂ ಅಲ್ಲಿಗೆ ಬಂದದ್ದು, ಸುರಪುರದ ಆ ಮನೆ ಅವನಿಗೆ ನೆನಪಿಲ್ಲ, ಸಾಲೆಗೆ ಹಾಕುವಾಗ ಅಪ್ಪ ಬಾಯಲ್ಲಿ ಹೇಳಿದ್ದನ್ನೇ ಮಾಸ್ತರು ಬರೆದುಕೊಂಡರು, ಅದೇ ಮುಂದೆ ಎಲ್ಲ ಕಡೆ ನಡೆದು ಬಂತು, ಹುಟ್ಟಿದ ಚೀಟಿ ಬೇಕು ಅಂತ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಹತ್ತೂವರೆಗೆ ಕಚೇರಿಯ ಗುಮಾಸ್ತ ಹಳೆಯ ದಫ್ತರ ತೆಗೆಸಿ, ಧೂಳು ಊದಿ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ, ಸಿಕ್ತು ನೋಡ್ರಿ ಅಂದ, ಅಂದವನು ಕನ್ನಡಕ ಹಣೆಗೇರಿಸಿ ಇವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ, ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಜಾತಿಯವನಲ್ಲ, ಒಳ್ಳೆಯ ಮನುಷ್ಯ, ದಫ್ತರವನ್ನೇ ಇವನ ಕಡೆ ತಿರುಗಿಸಿದ. ಹೆಸರು ಮರಿಲಿಂಗ, ಗಂಡು, ತಂದೆ ತಿಮ್ಮಣ್ಣ, ಸರಿ, ತಾಯಿ — ಜಹೀರುನ್ನೀಸಾ. ಬೇರೆ ಯಾರದೋ ಸಾಲಿಗೆ ಕಣ್ಣು ಜಾರಿತು ಅಂದುಕೊಂಡು ಬೆರಳಿಟ್ಟು ಮತ್ತೆ ಓದಿದ, ತಂದೆ ತಿಮ್ಮಣ್ಣ, ತಾಯಿ ಜಹೀರುನ್ನೀಸಾ, ಕಸಬು ದಾಯಿ, ಮೂವತ್ತಮೂರು ವರ್ಷದ ಹಿಂದಿನ ಮಸಿ, ಒಂದಿಷ್ಟೂ ಮಾಸಿಲ್ಲ. ಅಪ್ಪ, ಮಿಲ್ಲಿನಿಂದ ಬಂದು ತಲೆಯ ಮೇಲಿನ ಹತ್ತಿ ಕೊಡವಿಕೊಂಡು ಮೂಲೆಯಲ್ಲಿ ಕೂತು ಉಂಡು ಮಲಗುತ್ತಿದ್ದ ಅಪ್ಪ, ಯಾರಿಗೂ ಎದುರು ಮಾತಾಡದೆ ಸತ್ತ ಅಪ್ಪ, ಆ ಅಪ್ಪನಿಗೆ ಇನ್ನೊಬ್ಬಳು ಇದ್ದಳೇ, ತಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವನೇ, ಹಾಗಾದರೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತ ರಾತ್ರಿಯೆಲ್ಲ ಕೂತ ಅವ್ವ, ಶೇಖಮ್ಮ, ಯಾರು. ಗುಮಾಸ್ತ ಸಣ್ಣಗೆ ಹೇಳಿದ, ತಿದ್ದಬೇಕಂದ್ರ ಕೋರ್ಟಿಗಿ ಹೋಗ್ರಿ, ನಾಕು ತಿಂಗಳಾಗ್ತದ, ಇಲ್ಲಾ ಆ ಹೆಣ್ಮಗಳು ಜೀವಂತ ಇದ್ರ ಬಾಂಡಿನ ಮ್ಯಾಲ ಒಂದು ಹೆಬ್ಬೆಟ್ಟು ಹಾಕಿಸ್ಕೊಂಡ ಬರ್ರಿ, ಇವತ್ತು ಸಾಹೇಬರು ಅದಾರ, ನಾಲ್ಕೂವರೆತನಕ.

ಹೊರಗೆ ಬೇವಿನ ಮರದ ಕೆಳಗೆ ನಿಂತು ಅವ್ವನಿಗೆ ಫೋನು ಹಚ್ಚಿದ, ಏನು ಕೇಳಬೇಕೋ ತಿಳಿಯದೆ ಒಂದೇ ಹೆಸರು ಅಂದ, ಜಹೀರುನ್ನೀಸಾ ಯಾರವ್ವ. ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಮೇಲೆ ಅವಳ ದನಿ ಬಂತು, ಒಣಗಿದ ದನಿ, ಹೇಳಬಾರದಿತ್ತು ಯಪ್ಪಾ, ಹೇಳಿದ್ರ ಕೆಡ್ತೈತಿ ಅಂದಿದ್ರು, ಮಾರಿದ್ದೆ ನಿನ್ನ, ಒಂದು ಸೇರು ಜ್ವಾಳಕ್ಕ ಮಾರಿದ್ದೆ. ಮೂರು ಕೂಸು ಹುಟ್ಟಿ ಹುಟ್ಟಿ ಸತ್ತಿದ್ದವು ಅವನಿಗಿಂತ ಮುಂಚೆ, ಒಂದಕ್ಕೂ ತೊಟ್ಟಿಲಿಗೆ ಹಾಕುವಷ್ಟು ಆಯುಷ್ಯ ಇರಲಿಲ್ಲ, ಇದು ಅವ್ವ ಒಮ್ಮೆಯೂ ಹೇಳಿರಲಿಲ್ಲ, ನಾಲ್ಕನೆಯವನು ಹುಟ್ಟಿದ ಗಳಿಗೆಯಲ್ಲೇ ಹೆರಿಗೆ ಮಾಡಿಸಿದ ದಾಯಿ ಜಹೀರಮ್ಮ ಹೊಸ್ತಿಲ ಆಚೆ ನಿಂತಳು, ಅವ್ವ ಈಚೆ, ದಾಯಿ ಒಂದು ಸೇರು ಜೋಳ ಸುರಿದಳು, ಅವ್ವ ಹೊಕ್ಕಳ ಬಳ್ಳಿ ಇನ್ನೂ ಹಸಿ ಇರುವ ಕೂಸನ್ನು ಆಚೆ ದಾಟಿಸಿದಳು, ಮೂರು ಕೂಸಿನ ರುಚಿ ಕಂಡ ಜವರಾಯ ನಾಲ್ಕನೆಯದಕ್ಕೆ ಬಂದು ಹುಡುಕಿದರೆ ಶೇಖಮ್ಮನ ಮನೆಯಲ್ಲಿ ಶೇಖಮ್ಮನ ಕೂಸೇ ಇಲ್ಲ, ಇರುವುದು ಜಹೀರಮ್ಮನದು, ಶೇಖಮ್ಮ ಬರೀ ಹಾಲು ಕುಡಿಸುವವಳು. ಇಂಥ ಮಾರಾಟ ಈ ಕಡೆ ಹೊಸದಲ್ಲ, ಕಂಬ ಹತ್ತುವವರಲ್ಲೇ ಮಾರಿಸಿಕೊಂಡವರು ಇಬ್ಬರಿದ್ದಾರೆ, ಆದರೆ ಯಾರ ತಾಯಿಯೂ ಇಷ್ಟು ದೂರ ಹೋಗಿರಲಿಲ್ಲ, ಊರಿನ ಹುಟ್ಟು ಸಾವನ್ನು ಕಚೇರಿಗೆ ದಾಯಿಯೇ ಬರೆಸಿ ಬರುತ್ತಿದ್ದ ಕಾಲ, ಬರೆಸಲು ಹೊರಟವಳು ಅವ್ವನನ್ನು ಕೇಳಿದಳಂತೆ, ಶೇಖವ್ವಾ, ಜವರಾಯ ಸರಕಾರಿ ಬುಕ್ಕೂ ತೆಗೆದು ನೋಡ್ತಾನೇನ, ಇಬ್ಬರೂ ಕೂತು ಯೋಚಿಸಿದರಂತೆ, ನೋಡಿದರೂ ನೋಡಿಯಾನು, ಎಲ್ಲ ಬರೆದಿಡುವವನಲ್ಲವೇ ಅವನು, ಅದಕ್ಕೆ ಅಲ್ಲಿಯೂ ದಾಯಿಯ ಹೆಸರೇ. ಬಾಳ ಹುಷಾರಿ ಮಾಡೀವಿ ಅಂದ್ಕೊಂಡಿದ್ದೆವು ಯಪ್ಪಾ, ಅಂದಳು ಅವ್ವ, ಅಷ್ಟು ಹೊತ್ತಿಗೆ ಅಳುತ್ತಿದ್ದಳು. ಮಾರಿದ ಮೇಲೆ ಬಿಡಿಸಿಕೊಳ್ಳುವುದು ಅಂತ ಒಂದು ಇದೆ, ಮದುವೆಯ ದಿನ ಕೊಂಡವಳು ಬಂದು ಒಂದು ಮುಷ್ಟಿ ಜೋಳವನ್ನು ಮದುಮಗನ ಉಡಿಗೆ ಹಾಕಿ ಬಿಟ್ಟೀನಿ, ನಿನ್ನ ಮನಿಗಿ ಹೋಗು ಅನ್ನಬೇಕು, ಆದರೆ ಬೀಗರು ಬುದ್ಧಪ್ರಿಯ ಮಾಸ್ತರು, ಬುದ್ಧವಂದನೆಯಲ್ಲಿ ಮದುವೆ ಮಾಡಿಸಿದವರು, ತಾಯತ ಕಂಡರೆ ಕತ್ತರಿ ಹುಡುಕುವವರು, ಅವರ ಮುಂದೆ ಮಗನನ್ನು ಮಾರಿದ್ದೆ ಅಂತ ಹೇಗೆ ಹೇಳುವುದು, ನಾಚಿಕೆಯಾಗಿ ಅವ್ವ ದಾಯಿಗೆ ಹೇಳಿಯೇ ಕಳಿಸಲಿಲ್ಲ. ಈಗ ಆಕೆ ತಿಂಥಣಿಯಲ್ಲಿ ಮಗ ಮೌಲಾಲಿಯ ಹತ್ತಿರ ಇದ್ದಾಳೆ, ಮೌಲಾಲಿಗೆ ರಸ್ತೆಯ ಬದಿಗೆ ಪಂಕ್ಚರ್ ಅಂಗಡಿ. ಅಷ್ಟು ಕೇಳಿ ಮರಿಲಿಂಗ ಫೋನು ಇಟ್ಟ.

ನಗು ಬಂತು, ನಿಜವಾಗಿ ನಗು ಬಂತು ಆಗ, ಬದುಕಿದೆ ಬಡಜೀವವೇ ಅನ್ನುವ ನಗು, ಅಪ್ಪ ಅಪ್ಪನೇ, ಅವ್ವ ಅವ್ವನೇ, ಇಬ್ಬರು ಹೆಂಗಸರು ಸೇರಿ ಜವರಾಯನಿಗೆ ಟೋಪಿ ಹಾಕಲು ಹೋಗಿ ಜರ್ಮನಿಯ ಸರಕಾರಕ್ಕೆ ಹಾಕಿದ್ದಾರೆ, ಪರಿಮಳಾಗೆ ಹೇಳಿದರೆ ಟ್ರಾಮಿನಲ್ಲಿ ಬಿದ್ದು ಬಿದ್ದು ನಕ್ಕಾಳು. ಕಚೇರಿಯ ಕಟ್ಟೆಯ ಮೇಲೆ ಟೈಪು ಹೊಡೆಯುವ ಅಂಬ್ರಪ್ಪ ಹತ್ತು ನಿಮಿಷದಲ್ಲಿ ಬಾಂಡು ಹೊಡೆದುಕೊಟ್ಟ, ಸದರಿ ಮರಿಲಿಂಗ ಎಂಬುವವರು ನನ್ನ ಮಗನಲ್ಲವೆಂದೂ ನಾನು ಸದರಿಯವರ ತಾಯಿಯಲ್ಲವೆಂದೂ, ಓದಿ ಸರಿ ಐತ್ರಿ ಅಂದ ಮರಿಲಿಂಗ, ಸರಿ ಐತಿ ಅಂದ, ಒಂದು ಅಕ್ಷರವೂ ಚುಚ್ಚಲಿಲ್ಲ, ಇಂಕ್ ಪ್ಯಾಡನ್ನೂ ಅಂಬ್ರಪ್ಪನೇ ಕಾಗದದಲ್ಲಿ ಸುತ್ತಿಕೊಟ್ಟ. ತಿಂಥಣಿಯಲ್ಲಿ ಇಳಿದಾಗ ಒಂದೂವರೆ, ಮೌಲಾಲಿ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತಿದ್ದ, ಹೆಸರು ಹೇಳಿದ್ದೇ ತಡ ಪಾನಾ ಅಲ್ಲೇ ಬಿಟ್ಟು ಎದ್ದ, ಮರಿ ಏನ್ರೀ, ನಮ್ಮ ಮರಿ, ಅಂತ ಎರಡು ಸಲ ಕೇಳಿದ, ಕೈ ಒರೆಸಿಕೊಂಡು ಒಳಗೆ ಕರೆದೊಯ್ದ, ಅಂಗಡಿಯ ಹಿಂದೆಯೇ ಮನೆ, ಹಗ್ಗದ ಹೊರಸಿನ ಮೇಲೆ ಜಹೀರಮ್ಮ ಕೂತಿದ್ದಳು, ಎರಡೂ ಕಣ್ಣಿಗೆ ಪೊರೆ, ಬೆಳ್ಳಗೆ ನೋಡುತ್ತಿದ್ದಳು. ಕೈ ಮುಗಿದ, ಅವಳಿಗೆ ಕಾಣಲಿಲ್ಲ, ಹತ್ತಿರ ಬಾ ಬೇಟಾ ಅಂದಳು, ಮುಖದ ಮೇಲೆ ಬೆರಳಾಡಿಸಿ ಎಡಗಿವಿಯ ಹಿಂದೆ ಹೋಗಿ ನಿಂತಳು, ಅಲ್ಲಿ ಒಂದು ಗಂಟು ಇದೆ ಅವನಿಗೆ, ಹುಟ್ಟುತ್ತಲೇ ಇದ್ದದ್ದು, ಕಟಿಂಗ್ ಅಂಗಡಿಯವನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲದ್ದು, ಪರಿಮಳಾಗೂ ಗೊತ್ತಿಲ್ಲ, ಐತಿ, ಹಂಗ ಐತಿ ಅಂದಳು. ಆಗಲೇ ಒಳಗೆ ಏನೋ ಒಂದು ಎಳೆ ಕಡಿಯಿತು. ಅವ್ವ ಹೇಗಿದ್ದಾಳೆ, ಅಪ್ಪನ ಮಣ್ಣಿಗೆ ಬರಲಾಗಲಿಲ್ಲ, ಅಂತೆಲ್ಲ ಕೇಳಿ ಹೇಳಿ ಮಾಡಿ, ನಿನ್ನ ಮದಿವಿಗಿ ಬಂದಿದ್ದೆನಲ್ಲ ಅಂದಳು. ಬಂದಿದ್ದಿರಾ ಅಂದ. ಬರದೆ ಏನ್ ಮಾಡ್ಲಿ, ಹೇಳಿ ಕಳಿಸೋದ ಮರ್ತಿದ್ರು, ಮನಿ ತುಂಬ ಕೆಲಸ, ಮರಿತಾರ, ಬಸ್ಸಿನಾಗ ಯಾರೋ ಅಂದ್ರು ತಿಮ್ಮಣ್ಣನ ಮಗನ ಮದಿವಿ ಅಂತ, ನಾನೇ ಹೋದೆ, ಹಸರ ಸೀರಿ ಉಟ್ಟು ಹೋದೆ, ಬಿಡಾಕ ಬಂದಿದ್ದೆ ನಿನ್ನ, ಮುಷ್ಟ್ಯಾಗ ಜ್ವಾಳ ಹಿಡಕೊಂಡ ನಿಂತಿದ್ದೆ, ಉಡಿ ಒಡ್ಡು ಅನ್ನೂದ್ರಾಗ ನೀ ಆ ಜ್ವಾಳದ ಮ್ಯಾಲ ಲಾಡು ಇಟ್ಟಿ.

ಹಸಿರು ಸೀರೆ. ಫೈಲು ತೆಗೆಯಬೇಕಾಗಿರಲಿಲ್ಲ, ಆದರೂ ತೆಗೆದ, ಅವಳ ಮುಂದೆಯೇ ಕೂತು ಹತ್ತನೇ ಫೋಟೋ ತೆಗೆದ, ಅವಳಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ, ಹಸಿರು ಸೀರೆ, ಬಣ್ಣ ಹೋದದ್ದು, ಚಾಚಿದ ಕೈ, ಲಾಡಿನ ಕೆಳಗೆ ಅಂಗೈಯ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆ, ಇಷ್ಟು ವರ್ಷ ಅದನ್ನು ಕಂಡೂ ಕಾಣಲಿಲ್ಲ, ಬೂಂದಿ ಉದುರಿದೆ ಅಂದುಕೊಂಡಿದ್ದ, ಜೋಳ ಅದು. ನಿನ್ನ ಮುಂದೆ ಬಂದು ನಿಂತ ತಾಯಿಯನ್ನು ತಿರುಕಿ ಅಂದುಕೊಂಡೆಯಲ್ಲೋ, ಅಂದುಕೊಂಡದ್ದು ಒಂದು, ಅದನ್ನು ಫೋಟೋ ಅಂತ ಕಟ್ಟು ಹಾಕಿಸಿ ಮೆರೆದದ್ದು ಒಂದು, ಜರ್ಮನಿಯವರಿಗೆ ಸಾಕ್ಷಿ ಅಂತ ಬೇರೆ ಕಳಿಸಲು ಹೊರಟದ್ದು, ಆ ದಿನ ಅವಳಿಗೆ ಅಂದದ್ದೂ ನೆನಪಾಯಿತು, ಅಲ್ಲೇ ಕುಂದ್ರಬೇ, ಮಂದಿ ಉಂಡ ಮ್ಯಾಲ ನಿಮಗೂ ಕೊಡ್ತಾರ, ಒರಟಾಗಿಯೂ ಅಂದಿರಲಿಲ್ಲ, ಪ್ರೀತಿಯಿಂದಲೇ ಅಂದಿದ್ದ, ಅದೇ ಇನ್ನೂ ಹೊಲಸು. ಅಮ್ಮಾ ನನಗೆ ಗೊತ್ತಿರಲಿಲ್ಲ ಅನ್ನಬೇಕು, ಆದರೆ ಅಂದರೆ ಅವಳಿಗೆ ಗೊತ್ತಾಗುತ್ತದೆ, ಅವಳಿಗೆ ಗೊತ್ತಿಲ್ಲವೋ ಏನೋ, ಗೊತ್ತಿದ್ದೂ ಹೀಗೆ ಹೇಳುತ್ತಿದ್ದಾಳೋ, ಆ ಬಿಳಿ ಕಣ್ಣು ನೋಡಿದರೆ ಯಾವುದೂ ತಿಳಿಯಲಿಲ್ಲ. ಅವಳು ನಗುತ್ತಿದ್ದಳು, ಮಗ ಲಾಡು ಇಟ್ಟಾನಂದ್ರ ಬಿಡಬ್ಯಾಡ ಅಂತ ಹೇಳ್ದಂಗ ಅಲ್ಲೇನು, ನಾ ಬಿಡ್ಲಿಲ್ಲ, ಹಂಗ ತಿರಗಿ ಬಂದೆ, ಮಗನ ಕೈಲೆ ಸಿಹಿ ತಿಂದೆ ಅಂತ ಓಣಿಗೆಲ್ಲಾ ಹೇಳೀನಿ, ಕೇಳು ಬೇಕಾದ್ರ ಮೌಲಾನ್ನ. ಮೌಲಾಲಿ ಹೌದ್ರಿ ಅಂದ, ನೆಲ ನೋಡುತ್ತ ಅಂದ, ಆ ಮೌಲಾಲಿಗೆ ಎಲ್ಲ ಗೊತ್ತಿದೆ ಅಂತ ಮರಿಲಿಂಗನಿಗೆ ಅನಿಸಿತು.

ಫೋನು ನಡುಗುತ್ತಿದೆ, ತೊಡೆಯ ಮೇಲೆ ಫೋನು, ಪರಿಮಳಾ, ಪರದೆಯ ಮೇಲೆ ಅವಳ ಹೆಸರು, ಟೋಪಿ ಹಾಕಿಕೊಂಡ ಮುಖ, ದೇವಾಪುರದ ಹತ್ತಿರ ಬಂದಿದೆ ಬಸ್ಸು, ಹುರಿದ ಸೀತನಿಯ ವಾಸನೆ ಎಲ್ಲಿಂದಲೋ ಬಂತು, ಹಸಿ ಜೋಳದ ತೆನೆ ಸುಟ್ಟ ವಾಸನೆ, ಜೋಳ, ಇಡೀ ಸೀಮೆಯಲ್ಲಿ ಬೇರೆ ಏನೂ ಬೆಳೆಯುವುದಿಲ್ಲವೇ. ಎತ್ತಲಿಲ್ಲ. ನಿಂತಿತು. ಸಿಕ್ತೇನ್ರಿ ಅಂತ ಒಂದು ಸಾಲು ಬಂತು, ಅದರ ಹಿಂದೆ ಇನ್ನೊಂದು, ಮನಿ ಮಾಲಕಿ ಗೋಡಿ ಫೋಟೋ ನೋಡಿದ್ಲು, ಇವ್ರು ಯಾರು ಅಂತ ಕೇಳಿದ್ಲು, ನನ್ನ ಗಂಡ ಅಂದೆ, ಅಲ್ಲ ಈ ಅಜ್ಜಿ ಯಾರು ಅಂತ ಕೇಳಿದ್ಲು, ಗೊತ್ತಿಲ್ಲ ಅಂದೆ, ನಿಮಗ ಗೊತ್ತೈತೇನ್ರಿ. ಮೊಬೈಲನ್ನು ಬೋರಲು ಹಾಕಿದ. ಗೊತ್ತೈತಿ ಪರಿ, ಇವತ್ತಿನಿಂದ ಗೊತ್ತೈತಿ, ಅಕಿ ನನ್ನ ತಾಯಿ ಅಲ್ಲ ಅಂತ ಹೆಬ್ಬೆಟ್ಟು ಹಾಕಿಸ್ಕೊಂಡ ಬಂದೀನಿ. ಇದೆಲ್ಲ ಒಂದು ನಂಬಿಕೆ, ಮಾರೋದು ಕೊಳ್ಳೋದು, ಮಾವ ಕೇಳಿದರೆ ಅರ್ಧ ಗಂಟೆ ಭಾಷಣ ಮಾಡಿಯಾರು, ಕೂಸು ಬದುಕಿದ್ದು ಜೋಳದಿಂದಲ್ಲ, ಆ ವರ್ಷ ಹಾಕಿದ ಲಸಿಕೆಯಿಂದ, ಅವರು ಹೇಳುವುದು ಖರೆ ಇದ್ದೀತು, ಲಸಿಕೆ ಹಾಕಿಸಲು ಎತ್ತಿಕೊಂಡು ಹೋದದ್ದು ಯಾರು ಮಾಸ್ತರೇ, ಅದೇ ದಾಯಿ, ನಂದು ಕೂಸು, ನಾನೇ ಒಯ್ತೀನಿ ಅಂತ ಎರಡು ವರ್ಷ ಎತ್ತಿಕೊಂಡು ಹೋದಳಂತೆ, ಮೌಲಾಲಿ ಹೇಳಿದ, ನನ್ನ ಬಿಟ್ಟು ನಿಮ್ಮನ್ನ ಎತ್ಕೋತಿದ್ಲು ಅಂತ ನಾ ಅಳ್ತಿದ್ದೆ ಅಂತರ್ರಿ. ಎಲ್ಲೋ ಒಂದು ಬೆಲೆಯಿತ್ತು ಅವನಿಗೆ, ಒಂದು ಸೇರು, ಅದನ್ನು ಕೊಟ್ಟವಳು ಒಬ್ಬಳಿದ್ದಳು, ಆ ಲೆಕ್ಕದಲ್ಲಿ ಅವನು ಇಷ್ಟು ವರ್ಷ ಬದುಕಿದ್ದ, ಗೊತ್ತಿಲ್ಲದೆಯೇ ಬದುಕಿದ್ದ.

ಆಮೇಲಿನದನ್ನು ನೆನೆಯಬಾರದು, ಸುರಪುರ ಬರುತ್ತದೆ, ಇಳಿಯಬೇಕು, ಕಚೇರಿಗೆ ನಡೆಯಬೇಕು, ಇಷ್ಟೇ, ಆದರೆ ಬೆರಳು ಬಿಡುತ್ತಿಲ್ಲ, ತಂತಿ ಹಿಡಿದಿದೆ. ಮೌಲಾಲಿ ಬಾಂಡು ಓದಿದ, ಪಂಕ್ಚರ್ ಅಂಗಡಿಯವನಾದರೂ ಏಳನೆಯ ಇಯತ್ತೆತನಕ ಸಾಲೆ ಕಲಿತವನು, ಬೆರಳಿಟ್ಟು ಓದಿದ, ನನ್ನ ಮಗನಲ್ಲವೆಂದೂ ಅನ್ನುವಲ್ಲಿ ಅವನ ದನಿ ಸಣ್ಣದಾಯಿತು, ತಾಯಿಯಲ್ಲವೆಂದೂ ಅನ್ನುವುದನ್ನು ನುಂಗಿಯೇ ಓದಿದ, ಅವಳು ಕೇಳಿಸಿಕೊಂಡಳು, ಹೊರಸಿನ ಹಗ್ಗವನ್ನು ಕೈಯಲ್ಲಿ ಸವರುತ್ತ ಎಲ್ಲಿಗೆ ಹೊರಟೆ ಅಂದಳು, ದೂರ ಅಂದ, ಹೊಳಿ ದಾಟಿ ಏನು ಅಂದಳು, ಸಮುದ್ರ ದಾಟಿ ಅಂದ, ಹೇಂತಿ ಅಲ್ಲಿ ಅದಾಳ. ಸಮುದ್ರ ದಾಟಾವಂದ್ರ ಬಿಡಬೇಕು, ಅಂದಳು, ಋಣ ಇಟ್ಕೊಂಡು ಅಷ್ಟು ನೀರು ದಾಟಬಾರದು, ಇರು. ಎದ್ದಳು. ಗೋಡೆ ಹಿಡಿದು ಒಳಗೆ ಹೋದಳು. ನೀರು ಕುಡಿಯಲು ಹೋದಳೋ ಏನೋ ಅಂದುಕೊಂಡ, ಎರಡು ಗಂಟೆ ನಲವತ್ತು ನಿಮಿಷ, ಲಿಂಗಸುಗೂರಿನಿಂದ ಬರುವ ಬಸ್ಸು ಎರಡು ಐವತ್ತಕ್ಕೆ, ಅದು ತಪ್ಪಿದರೆ ನಾಲ್ಕಕ್ಕೆ, ನಾಲ್ಕರದು ಹಿಡಿದರೆ ಕಚೇರಿ ಮುಚ್ಚಿರುತ್ತದೆ, ಗುರುವಾರ, ಮೇ ತಿಂಗಳು, ಖಾಲಿ ಕಪ್ಪು, ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಬಾಂಡನ್ನು ಫೈಲಿನ ಮೇಲೆ ಹಾಸಿ ಸಿದ್ಧವಾಗಿ ಕೂತ, ಒಳಗೆ ಗಡಿಗೆಯ ಮೇಲಿನ ತಟ್ಟೆ ಸರಿದ ಸಪ್ಪಳ, ಆ ಸಪ್ಪಳ ಕೇಳಿಸಿತ್ತು ಅವನಿಗೆ, ಈಗ ಚೆನ್ನಾಗಿ ನೆನಪಿದೆ, ಕೇಳಿಸಿಯೂ ಕೇಳಿಸಿರಲಿಲ್ಲ. ಬಂದಳು, ಕೂತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಏನೋ ಬಾಯಲ್ಲಿ ಹೇಳಿಕೊಂಡಳು, ದುವಾನೋ ತಿಂಥಣಿಯ ಮೌನೇಶ್ವರನ ಹೆಸರೋ, ಮುಷ್ಟಿ ಕಟ್ಟಿದ ಬಲಗೈ ಚಾಚಿದಳು. ಹೊರಗೆ ಬಸ್ಸಿನ ಹಾರ್ನು. ಕೈ ಚಾಚಿದ್ದು ಹೆಬ್ಬೆಟ್ಟಿಗೆ ಅಂದುಕೊಂಡ, ಇನ್ನೇನು ಅಂದುಕೊಳ್ಳಬೇಕು, ಕೈ ಅಂದರೆ ಕೇಳುವ ಕೈ, ಅದರಲ್ಲಿ ಏನಾದರೂ ಇರಬಹುದು ಅಂತ ಅವನ ತಲೆಗೆ ಹೊಳೆಯಲಿಲ್ಲ, ಎರಡನೆಯ ಸಲವೂ ಹೊಳೆಯಲಿಲ್ಲ, ಮಣಿಕಟ್ಟು ಹಿಡಿದ, ಹೆಬ್ಬೆರಳನ್ನು ಎಳೆದು ಪ್ಯಾಡಿಗೆ ಒತ್ತಿದ, ಕಾಗದಕ್ಕೆ ಒತ್ತಿದ, ಒತ್ತುವಾಗ ಮುಷ್ಟಿ ಸಡಿಲಿತು, ಸಣ್ಣ ಆಲಿಕಲ್ಲು ಬಿದ್ದ ಹಾಗೆ ಬಾಂಡಿನ ಮೇಲೆ ಟಪಟಪ, ಜೋಳ, ಬಿಳಿ ಜೋಳ, ಅಕ್ಷರಗಳ ಮೇಲೆ ಉರುಳಿ, ಹೊರಸಿನ ಸಂದಿಯಿಂದ ನೆಲಕ್ಕೆ, ಮೂಲೆ ಮೂಲೆಗೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲ ಉಡಿ ಒಡ್ಡಬೇಕಿತ್ತಪ್ಪಾ, ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅಳುವೂ ಇರಲಿಲ್ಲ, ಕೂಸಿಗೆ ಅಂಗಿ ತಿರುವುಮುರುವು ಹಾಕೀದಿ ಅನ್ನುವ ಹಾಗೆ ಅಂದಳು. ಮೌಲಾಲಿ ಮೊಣಕಾಲೂರಿ ಕಾಳು ಆರಿಸತೊಡಗಿದ. ಮತ್ತೆ ಹಾರ್ನು. ಆಗ ಇವನು, ಈ ಮಗ, ಕಾಗದ ಫೈಲಿಗೆ ತುರುಕಿ ಓಡಿದ, ಬರ್ತೀನಿ ಅಂತಲೂ ಅನ್ನದೆ ಬಸ್ಸಿಗೆ ಓಡಿದ.

ಸುರಪುರ ಬಂದಿದೆ, ಬಸ್‌ಸ್ಟ್ಯಾಂಡು, ಜನ ಇಳಿಯುತ್ತಿದ್ದಾರೆ, ಕಡಲೆಕಾಯಿಯವನು ಕೂಗುತ್ತಿದ್ದಾನೆ, ನಾಲ್ಕಕ್ಕೆ ಐದು ನಿಮಿಷ, ನಡೆದರೆ ಹತ್ತೇ ನಿಮಿಷದ ದಾರಿ, ಏಳು ಮರಿಲಿಂಗ, ನಾಲ್ಕರ ಬಸ್ಸು ಆ ಕಡೆಗೂ ಇದೆ, ತಿಂಥಣಿಗೆ, ಅದೂ ಇಲ್ಲೇ ಬಂದು ನಿಲ್ಲುತ್ತದೆ, ಏಳು, ಯಾವುದಕ್ಕಾದರೂ ಏಳು, ಇಳೀರಿ ಯಜಮಾನ್ರ ಬಂತು ಸುರಪುರ, ಕಂಡಕ್ಟರ್ ಎರಡು ಸಲ ಹೇಳಿದ, ಮೂರನೆಯ ಸಲ ಹತ್ತಿರ ಬಂದು ಇವನ ತೊಡೆ ನೋಡಿದ, ಇವನೂ ನೋಡಿದ, ಫೈಲು ಕಾಲಡಿ ಜಾರಿ ಬಿದ್ದಿದೆ, ಎರಡೂ ಕೈ ಅಂಗಿಯ ಚುಂಗು ಹಿಡಿದು ಉಡಿ ಒಡ್ಡಿಕೊಂಡು ಕೂತಿವೆ, ಯಾವಾಗಿನಿಂದಲೋ, ಉಡಿಯಲ್ಲಿ ಏನೂ ಇಲ್ಲ, ಕಣ್ಣ ಮುಂದೆ ಆ ಕೈ, ಇನ್ನೂ ಹಿಂದಕ್ಕೆ ತೆಗೆದುಕೊಳ್ಳದ ಕೈ, ಹೆಬ್ಬೆರಳು ನೀಲಿ, ಅಂಗೈಗೆ ಅಂಟಿಕೊಂಡ ಒಂದೇ ಒಂದು ಜೋಳ, ಕೈ, ನೀಲಿ ಹೆಬ್ಬೆರಳು, ಒಂದು ಜೋಳ, ಕೈ